ಸಾಲ ಕೊಟ್ಟವನ ಮರೆವು

2015ರ ರಮಝಾನ್ ತಿಂಗಳಲ್ಲಿ ಎರಡು ಸಾಲಗಳು ನನ್ನ ಮನಸ್ಸನ್ನು ಆವರಿಸಿದ್ದವು. ಒಂದು, ನೆರೆಮನೆಯ ದರ್ಜಿ ಮಿತ್ರನೊಬ್ಬ ನನಗೆ ಕೊಡಬೇಕಾಗಿದ್ದ 40,000 ರೂಪಾಯಿ. ಇನ್ನೊಂದು, ಗ್ರೀಸ್ ದೇಶದ ತಲೆಯ ಮೇಲಿದ್ದ 30 ಸಾವಿರ ಕೋಟಿಗೂ ಮಿಕ್ಕಿದ ಯೂರೋ ಸಾಲ. ಮೊದಲನೆಯದು ನನ್ನ ನಿದ್ದೆ ಕೆಡಿಸಿತ್ತು. ಎರಡನೆಯದನ್ನು ಪತ್ರಿಕೆಯಲ್ಲಿ ದೂರದ ಸುದ್ದಿಯಾಗಿ ಓದುತ್ತಿದ್ದೆ. ಆ ದೂರದ ಸುದ್ದಿಯೇ ಕೊನೆಗೆ ನನ್ನ ಮನೆಯ ಲೆಕ್ಕವನ್ನು ತಿದ್ದಿತು.

ಆ ಮಿತ್ರನೂ ನಾನೂ ಪ್ರಾಥಮಿಕ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕುಳಿತವರು. 2013ರಲ್ಲಿ ಅವನ ಪತ್ನಿಗೆ ಶಸ್ತ್ರಚಿಕಿತ್ಸೆಯಾದಾಗ ನಾನು ಹಣ ಕೊಟ್ಟೆ. ಒಂದು ವರ್ಷದಲ್ಲಿ ಮರಳಿಸುವೆನೆಂದು ಅವನು ಹೇಳಿದ. ಅಲ್ಲಿಯವರೆಗೆ ನನ್ನನ್ನು ಹೆಸರು ಹಿಡಿದು, ನೀನು ಎಂದು ಕರೆಯುತ್ತಿದ್ದವನು ಮರುದಿನದಿಂದ ‘ಉಸ್ತಾದರೇ, ನೀವು’ ಎನ್ನತೊಡಗಿದ. ಅದು ಗೌರವವೆಂದು ಭಾವಿಸಿ ನಾನು ಒಳಗೊಳಗೆ ಸಂತೋಷಪಟ್ಟೆ. ಸಿದ್ಧ ಉಡುಪಿನ ಅಂಗಡಿಗಳು ಬಂದು ಅವನ ಕಸುಬು ಸೊರಗಿತು. ಹೇಳಿದ ಗಡುವುಗಳು ಒಂದೊಂದಾಗಿ ದಾಟಿದವು. ಆ ರಮಝಾನ್ ಬರುವ ಹೊತ್ತಿಗೆ ಅವನು ನಮ್ಮ ಮಸೀದಿಗೆ ಬರುವುದನ್ನೇ ಬಿಟ್ಟಿದ್ದ. ಬಸ್ ನಿಲ್ದಾಣದಾಚೆಯ ಮಸೀದಿಯಲ್ಲಿ ತರಾವೀಹ್ ನಮಾಝ್ ಮಾಡುತ್ತಾನೆಂದು ಯಾರೋ ತಿಳಿಸಿದರು. ‘ಕೊಡುವ ಮನಸ್ಸಿದ್ದವನು ಮುಖ ಮರೆಸಿಕೊಳ್ಳುವುದಿಲ್ಲ’ ಎಂದು ನಾನು ಮನೆಯಲ್ಲಿ ಕಟುವಾಗಿ ಮಾತನಾಡಿದೆ.

ಆ ದಿನಗಳಲ್ಲೇ ಒಂದು ಮಧ್ಯಾಹ್ನ, ಲುಹರ್ ನಮಾಝಿನ ಬಳಿಕ ಪತ್ರಿಕೆ ತೆರೆದಾಗ ಒಂದು ಛಾಯಾಚಿತ್ರ ಕಂಡಿತು. ಗ್ರೀಸಿನ ಥೆಸಲೋನಿಕಿ ನಗರದ ಬ್ಯಾಂಕೊಂದರ ಬಾಗಿಲ ಬಳಿ ವೃದ್ಧರೊಬ್ಬರು ನೆಲದ ಮೇಲೆ ಕುಳಿತು ಅಳುತ್ತಿದ್ದರು. ಪಕ್ಕದಲ್ಲಿ ಅವರ ಪಾಸ್‌ಬುಕ್ಕು, ಗುರುತಿನ ಚೀಟಿ ಬಿದ್ದಿದ್ದವು. ಪತ್ನಿಯ ಪಿಂಚಣಿಗಾಗಿ ಬ್ಯಾಂಕಿನಿಂದ ಬ್ಯಾಂಕಿಗೆ ಅಲೆದು ಬರಿಗೈಯಲ್ಲಿ ಕುಸಿದಿದ್ದರು. ಜೂನ್ ಕೊನೆಯಲ್ಲಿ ಆ ದೇಶದ ಬ್ಯಾಂಕುಗಳು ಬಾಗಿಲು ಮುಚ್ಚಿದ್ದವು. ಎಟಿಎಂನಲ್ಲಿ ದಿನಕ್ಕೆ 60 ಯೂರೋ ಮಾತ್ರ ಸಿಗುತ್ತಿತ್ತು. ಕಾರ್ಡ್ ಇಲ್ಲದ ಪಿಂಚಣಿದಾರರಿಗಾಗಿ ಕೆಲವು ಶಾಖೆಗಳನ್ನು ತೆರೆದು, ವಾರಕ್ಕೆ 120 ಯೂರೋ ಕೊಡುತ್ತಿದ್ದರು.

ಈ ವೃದ್ಧರು ಯಾರ ಸಾಲವನ್ನು ತೀರಿಸುತ್ತಿದ್ದಾರೆ ಎಂಬ ಪ್ರಶ್ನೆ ನನ್ನಲ್ಲಿ ಎದ್ದಿತು. ಅಂದಿನಿಂದ ಆ ದೇಶದ ಕಥೆಯನ್ನು ಗಮನವಿಟ್ಟು ಓದತೊಡಗಿದೆ.

ಸಾಲಗಾರನ ತಪ್ಪನ್ನು ಮೊದಲು ಹೇಳುವುದು ನ್ಯಾಯ. ಗ್ರೀಸ್ 2001ರಲ್ಲಿ ಯೂರೋ ಕೂಟವನ್ನು ಸೇರಿತು. ಆ ಬಳಿಕ ಅದಕ್ಕೆ ಅಗ್ಗದ ಬಡ್ಡಿಯಲ್ಲಿ ಸಾಲ ಸಿಗತೊಡಗಿತು. ಸರಕಾರಗಳು ಧಾರಾಳವಾಗಿ ಸಾಲ ಮಾಡಿದವು. ಲೆಕ್ಕವನ್ನು ಮಾತ್ರ ಧಾರಾಳವಾಗಿ ತೋರಿಸಲಿಲ್ಲ. 2009ರ ಅಕ್ಟೋಬರಿನಲ್ಲಿ ಅಧಿಕಾರಕ್ಕೆ ಬಂದ ಜಾರ್ಜ್ ಪಾಪಂದ್ರೆಯು ಸರಕಾರವು, ಆ ವರ್ಷದ ಕೊರತೆ ಹಿಂದೆ ಹೇಳಿದ್ದಕ್ಕಿಂತ ಬಹಳ ಹೆಚ್ಚಿದೆ ಎಂದು ಪ್ರಕಟಿಸಿತು. ಅಂತಿಮ ಲೆಕ್ಕದಲ್ಲಿ ಅದು ರಾಷ್ಟ್ರೀಯ ಉತ್ಪನ್ನದ ಶೇ. 15ನ್ನು ದಾಟಿತ್ತು. ಶ್ರೀಮಂತರ ತೆರಿಗೆಗಳ್ಳತನವೂ ಬಯಲಾಯಿತು. ಅಥೆನ್ಸ್‌ನ ಉತ್ತರದ ಸಿರಿವಂತ ಬಡಾವಣೆಗಳಲ್ಲಿ ತಮ್ಮ ಮನೆಯಲ್ಲಿ ಈಜುಕೊಳವಿದೆ ಎಂದು ತೆರಿಗೆ ಇಲಾಖೆಗೆ ತಿಳಿಸಿದ್ದವರು 324 ಮಂದಿ ಮಾತ್ರ. ಉಪಗ್ರಹದ ಚಿತ್ರಗಳಲ್ಲಿ ಕಂಡ ಕೊಳಗಳು ಸುಮಾರು 17 ಸಾವಿರ!

2010ರ ಮೇ ತಿಂಗಳಲ್ಲಿ ಯೂರೋ ದೇಶಗಳೂ ಅಂತಾರಾಷ್ಟ್ರೀಯ ಹಣಕಾಸು ನಿಧಿಯೂ ಸೇರಿ 11 ಸಾವಿರ ಕೋಟಿ ಯೂರೋ ಸಾಲ ಘೋಷಿಸಿದವು. ಅದನ್ನು ಪರಿಹಾರವೆಂದು ಕರೆದರು. ಆದರೆ ಅದರ ಹೆಚ್ಚಿನ ಪಾಲು ಹಳೆಯ ಸಾಲದ ಅಸಲು, ಬಡ್ಡಿಗಳಿಗೆ ಹೋಯಿತು. ಹಳೆಯ ಸಾಲ ಕೊಟ್ಟವರಲ್ಲಿ ಫ್ರಾನ್ಸ್ ಮತ್ತು ಜರ್ಮನಿಯ ಬ್ಯಾಂಕುಗಳು ಪ್ರಮುಖವಾಗಿದ್ದವು. ಬಡ್ಡಿ ಏಕೆ ಎಂದು ಕೇಳಿದರೆ ಅರ್ಥಶಾಸ್ತ್ರ ಕೊಡುವ ಉತ್ತರಗಳಲ್ಲಿ ಒಂದು, ಹಣ ಮುಳುಗಬಹುದೆಂಬ ಅಪಾಯಕ್ಕೆ ಅದು ಬೆಲೆ ಎಂಬುದು. ಅಪಾಯದ ಬೆಲೆಯನ್ನು ವರ್ಷವರ್ಷವೂ ಎಣಿಸಿಕೊಂಡವರು, ಅಪಾಯ ನಿಜವಾಗಿ ಎದುರಾದಾಗ ಅದನ್ನು ಸಾಮಾನ್ಯ ಜನರ ಹೆಗಲಿಗೆ ದಾಟಿಸಿದರು. ಇಸ್ಲಾಮೀ ಕರ್ಮಶಾಸ್ತ್ರದ ಮುಳಾರಬ ಪಾಲುದಾರಿಕೆಯಲ್ಲಿ ಲಾಭದಲ್ಲಿ ಪಾಲು ಪಡೆಯುವ ಬಂಡವಾಳಗಾರನೇ ಹಣದ ನಷ್ಟವನ್ನೂ ಹೊರಬೇಕು. ಮದ್ರಸದಲ್ಲಿ ಈ ನಿಯಮವನ್ನು ಕಂಠಪಾಠ ಮಾಡಿದ್ದ ನನಗೆ ಅದರ ತೂಕ ತಿಳಿದದ್ದು ಗ್ರೀಸಿನ ಸುದ್ದಿ ಓದಿದಾಗ. 2012ರಲ್ಲಿ ಖಾಸಗಿ ಸಾಲಪತ್ರಗಳ ಮುಖಬೆಲೆಯನ್ನು ಅರ್ಧಕ್ಕಿಂತಲೂ ಕೆಳಗಿಳಿಸಿದ್ದು ನಿಜ. ಆದರೆ ಆ ಪೆಟ್ಟು ಗ್ರೀಸಿನದೇ ಬ್ಯಾಂಕುಗಳಿಗೂ ಪಿಂಚಣಿ ನಿಧಿಗಳಿಗೂ ಬಿತ್ತು.

ಸಾಲದ ಶರತ್ತುಗಳಂತೆ ಸಂಬಳ, ಪಿಂಚಣಿಗಳನ್ನು ಕಡಿತಗೊಳಿಸಿದರು, ತೆರಿಗೆ ಏರಿಸಿದರು. ದೇಶದ ಉತ್ಪನ್ನ ಸುಮಾರು ಕಾಲು ಭಾಗದಷ್ಟು ಕುಸಿಯಿತು. 2013ರಲ್ಲಿ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಉದ್ಯೋಗವಿರಲಿಲ್ಲ. ಯುವಜನರಲ್ಲಿ ಅರ್ಧಕ್ಕಿಂತ ಹೆಚ್ಚು. ಗಳಿಕೆಯೇ ಕುಗ್ಗಿದ ಮೇಲೆ ಸಾಲದ ಹೊರೆ ಇಳಿಯುವುದೆಂತು? ಈ ಕ್ರಮಗಳ ಪೆಟ್ಟನ್ನು ತಾನು ಕಡಿಮೆ ಅಂದಾಜು ಮಾಡಿದ್ದೆನೆಂದು 2013ರಲ್ಲಿ ಹಣಕಾಸು ನಿಧಿಯೇ ಒಪ್ಪಿಕೊಂಡಿತು.

ಹಣದ ಲೆಕ್ಕಕ್ಕಿಂತಲೂ ನನ್ನನ್ನು ಹೆಚ್ಚು ಕಾಡಿದ್ದು ಯುರೋಪಿನಲ್ಲಿ ನಡೆದ ವಾದವಿವಾದದ ಭಾಷೆ. ಜರ್ಮನಿಯ ಚಾನ್ಸಲರ್ ಆಂಗೆಲಾ ಮರ್ಕೆಲ್ 2008ರಲ್ಲೇ, ಆದಾಯ ಮೀರಿ ಬದುಕಲಾಗದು ಎಂಬುದಕ್ಕೆ ಶ್ವಾಬಿಯಾ ಪ್ರಾಂತದ ಮಿತವ್ಯಯದ ಗೃಹಿಣಿಯನ್ನು ಮಾದರಿಯಾಗಿ ತೋರಿಸಿದ್ದರು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ನಮ್ಮ ಹಿರಿಯರ ಮಾತೇ ಅದು, ತಪ್ಪೇನೂ ಇಲ್ಲ. ಆದರೆ ಗ್ರೀಸಿನ ಪ್ರಸಂಗದಲ್ಲಿ ಆ ಹಿತವಚನ ಬೇಗನೆ ಹೀಯಾಳಿಕೆಯಾಯಿತು. ದ್ವೀಪಗಳನ್ನು ಮಾರಿ ಸಾಲ ತೀರಿಸಿರೆಂದು ಜರ್ಮನಿಯ ಜನಪ್ರಿಯ ಪತ್ರಿಕೆಯೊಂದು ಬರೆಯಿತು. ಗ್ರೀಸಿನ ಪತ್ರಿಕೆಯೊಂದು ಮರ್ಕೆಲ್ ಅವರಿಗೆ ನಾಝಿ ಸಮವಸ್ತ್ರ ತೊಡಿಸಿ ಚಿತ್ರ ಪ್ರಕಟಿಸಿತು. ಲೆಕ್ಕಪುಸ್ತಕದ ಮಾತು ಇಡೀ ಜನಾಂಗದ ಚಾರಿತ್ರ್ಯದ ಮಾತಾಯಿತು. ಜರ್ಮನ್ ಭಾಷೆಯಲ್ಲಿ ಸಾಲಕ್ಕೂ ಅಪರಾಧಕ್ಕೂ ‘ಶುಲ್ಟ್’ ಎಂಬ ಒಂದೇ ಪದವಿದೆ. ಅರಬಿಯಲ್ಲಿ ಸಾಲಕ್ಕೆ ‘ದೈನ್’, ಧರ್ಮಕ್ಕೆ ‘ದೀನ್’; ಎರಡಕ್ಕೂ ಮೂಲಾಕ್ಷರಗಳು ಒಂದೇ. ನಮ್ಮ ಕನ್ನಡದ ‘ಋಣ’ವಾದರೋ ಸಾಲವೂ ಹೌದು, ಉಪಕಾರದ ಸ್ಮರಣೆಯೂ ಹೌದು.

ಸಾಲ ಕೊಟ್ಟವರ ಪಕ್ಷದಲ್ಲಿಯೂ ನ್ಯಾಯವಿತ್ತು. ಸ್ಲೊವಾಕಿಯಾ 2010ರ ಸಾಲದಲ್ಲಿ ಪಾಲುಗೊಳ್ಳಲು ನಿರಾಕರಿಸಿತು. ತಮಗಿಂತ ಉಳ್ಳವರ ಸಾಲವನ್ನು ತಾವೇಕೆ ಹೊರಬೇಕೆಂಬುದು ಅಲ್ಲಿನವರ ಪ್ರಶ್ನೆಯಾಗಿತ್ತು. ಆ ಪ್ರಶ್ನೆ ನನಗೆ ಚೆನ್ನಾಗಿ ಅರ್ಥವಾಯಿತು. ನನ್ನ 40,000 ರೂಪಾಯಿಯೂ ಒಬ್ಬ ಮದ್ರಸ ಅಧ್ಯಾಪಕನ ಉಳಿತಾಯವೇ ಆಗಿತ್ತು.

ನನ್ನನ್ನು ತಡೆದು ನಿಲ್ಲಿಸಿದ್ದು ಇನ್ನೊಂದು ಸಂಗತಿ. 1953ರ ಫೆಬ್ರವರಿ 27ರಂದು ಲಂಡನ್ನಿನಲ್ಲಿ ಒಂದು ಒಪ್ಪಂದಕ್ಕೆ ಸಹಿ ಬಿತ್ತು. ಅಂದು ಸಾಲಗಾರನ ಸ್ಥಾನದಲ್ಲಿ ಕುಳಿತಿದ್ದದ್ದು ಪಶ್ಚಿಮ ಜರ್ಮನಿ. ಅದರ ಸಾಲದ ಸುಮಾರು ಅರ್ಧವನ್ನು ಮನ್ನಾ ಮಾಡಲಾಯಿತು. ಉಳಿದದ್ದನ್ನು ದೀರ್ಘಾವಧಿಗೆ ಹಂಚಲಾಯಿತು. ದುಡಿದು, ಸರಕು ಮಾರಿ, ಮಿಕ್ಕಿದ್ದರಲ್ಲಿ ಕೊಡಲಿ ಎಂಬುದು ಅದರ ಆಶಯವಾಗಿತ್ತು. ಯುದ್ಧ ಪರಿಹಾರದ ಪ್ರಶ್ನೆಯನ್ನು ಮುಂದಕ್ಕೆ ಹಾಕಲಾಯಿತು. ಈ ಒಪ್ಪಂದಕ್ಕೆ ಸಹಿ ಹಾಕಿದ ದೇಶಗಳಲ್ಲಿ ಗ್ರೀಸ್ ಕೂಡ ಒಂದು! 1941ರಲ್ಲಿ ಜರ್ಮನ್ ಸೇನೆ ಆ ದೇಶವನ್ನು ಆಕ್ರಮಿಸಿತ್ತು. ಆ ಚಳಿಗಾಲದ ಕ್ಷಾಮದಲ್ಲಿ ಅಥೆನ್ಸ್‌ನ ಬೀದಿಗಳಲ್ಲಿ ಜನರು ಹಸಿವಿನಿಂದ ಸತ್ತಿದ್ದರು. ಆ ಒಪ್ಪಂದದಂತೆ ಮುಂದೂಡಲ್ಪಟ್ಟಿದ್ದ, ಮೊದಲ ಮಹಾಯುದ್ಧದ ನಂತರದ ಸಾಲಗಳ ಬಡ್ಡಿಯ ಕೊನೆಯ ಕಂತನ್ನು ಜರ್ಮನಿ ಪಾವತಿಸಿದ್ದು 2010ರ ಅಕ್ಟೋಬರ್ 3ರಂದು. ಗ್ರೀಸಿಗೆ ಗಡುವು, ಶರತ್ತುಗಳನ್ನು ವಿಧಿಸಿದ ವರ್ಷವೇ ಅದು. ತಾನು ಕೊಟ್ಟದ್ದು ಮನುಷ್ಯನಿಗೆ ನೆನಪಿರುತ್ತದೆ. ತನಗೆ ಬಿಟ್ಟುಕೊಟ್ಟದ್ದು ಮರೆತುಹೋಗುತ್ತದೆ.

ಜುಲೈ 5ರಂದು ಗ್ರೀಸಿನಲ್ಲಿ ಜನಮತಗಣನೆ ನಡೆಯಿತು. ಶೇ. 61ರಷ್ಟು ಮತದಾರರು ಶರತ್ತುಗಳಿಗೆ ಬೇಡವೆಂದರು. ಒಂದು ವಾರದ ಬಳಿಕ ಬ್ರಸೆಲ್ಸ್‌ನಲ್ಲಿ ರಾತ್ರಿಯಿಡೀ ನಡೆದ ಸಭೆಯ ಕೊನೆಗೆ ಪ್ರಧಾನಿ ಅಲೆಕ್ಸಿಸ್ ಸಿಪ್ರಾಸ್ ಇನ್ನೂ ಕಠಿಣವಾದ ಶರತ್ತುಗಳಿಗೆ ಒಪ್ಪಬೇಕಾಯಿತು. ಸಾಲಗಾರನಿಗೆ ಮತ ಹಾಕುವ ಹಕ್ಕಿತ್ತು. ಬೇಡವೆನ್ನುವ ಶಕ್ತಿ ಇರಲಿಲ್ಲ.

ಆ ವಾರವೇ ಅಸರ್ ನಮಾಝಿನ ಬಳಿಕ ನಾನು ಅಲ್ ಬಕರ ಅಧ್ಯಾಯದ ಕೊನೆಯ ಭಾಗವನ್ನು ವಿವರಿಸಬೇಕಿತ್ತು. 282ನೆಯ ಸೂಕ್ತವು ಕುರ್‌ಆನಿನ ಅತಿ ದೀರ್ಘ ಸೂಕ್ತ. ಅದರ ವಿಷಯ ನಮಾಝ್ ಅಲ್ಲ, ಉಪವಾಸವೂ ಅಲ್ಲ. ಸಾಲವನ್ನು ಸಾಕ್ಷಿಗಳ ಮುಂದೆ ಪ್ರಾಮಾಣಿಕವಾಗಿ ಬರೆದಿಡುವ ವಿಷಯ. ಗ್ರೀಸಿನ ಆಡಳಿತಗಾರರು ಮುರಿದದ್ದು ಇದನ್ನು. 280ನೆಯ ಸೂಕ್ತವು, ಸಾಲಗಾರನು ಇಕ್ಕಟ್ಟಿನಲ್ಲಿದ್ದರೆ ಅವನಿಗೆ ಅನುಕೂಲವಾಗುವ ತನಕ ಸಮಯ ಕೊಡಬೇಕೆಂದೂ ಬಿಟ್ಟುಕೊಡುವುದು ಇನ್ನೂ ಉತ್ತಮವೆಂದೂ ಬೋಧಿಸುತ್ತದೆ. ಸಾಲ ಕೊಟ್ಟವರು ಮರೆತದ್ದು ಇದನ್ನು. ಇವೆರಡರ ನಡುವೆ ಇರುವ 281ನೆಯ ಸೂಕ್ತವು ಎಲ್ಲರೂ ಅಲ್ಲಾಹನೆಡೆಗೆ ಮರಳಬೇಕಾದ ದಿನವನ್ನು ನೆನಪಿಸುತ್ತದೆ.

ಇಷ್ಟನ್ನೂ ಯುರೋಪಿನ ಉದಾಹರಣೆಯೊಂದಿಗೆ ನಾನು ಚೆನ್ನಾಗಿಯೇ ವಿವರಿಸಿದೆ. ಕೇಳಿದವರು ತಲೆದೂಗಿದರು. ಏಳುವಾಗ ನನ್ನ ಕಣ್ಣು ಮೂಲೆಯ ಕಂಬದ ಕಡೆಗೆ ಹೊರಳಿತು. ನನ್ನ ಮಿತ್ರ ಸದಾ ಒರಗಿ ಕುಳಿತುಕೊಳ್ಳುತ್ತಿದ್ದ ಜಾಗವದು, ಖಾಲಿಯಾಗಿತ್ತು. ಸಾಲಗಾರನು ಮಾತನಾಡಿದರೆ ಸುಳ್ಳಾಡುತ್ತಾನೆ, ಮಾತು ಕೊಟ್ಟರೆ ಮುರಿಯುತ್ತಾನೆ ಎಂಬ ಕಾರಣಕ್ಕಾಗಿ ಪ್ರವಾದಿ(ಸ)ರವರು ಸಾಲದಿಂದ ಅಲ್ಲಾಹನ ಅಭಯ ಬೇಡುತ್ತಿದ್ದರೆಂದು ಹದೀಸಿನಲ್ಲಿದೆ. ಅದನ್ನು ನಾನು ಎಷ್ಟೋ ಬಾರಿ ಸಾಲಗಾರರ ನಿಂದೆಗಾಗಿ ಬಳಸಿದ್ದೆ. ಅದು ಸಾಲದ ಹೊರೆಯು ಒಳ್ಳೆಯ ಮನುಷ್ಯನನ್ನೂ ಹೇಗೆ ಬಗ್ಗಿಸುತ್ತದೆ ಎಂಬುದರ ಕುರಿತ ಮಾತೆಂದು ಅಂದು ಹೊಳೆಯಿತು. ನನ್ನ ಹಣವು ಒಬ್ಬನನ್ನು ಅವನ ಮಸೀದಿಯಿಂದ ಓಡಿಸಿತ್ತು.

ಅಂದು ತರಾವೀಹ್ ಮುಗಿಸಿ ಅವನ ಮನೆಗೆ ಹೋದೆ. ನನ್ನನ್ನು ಕಂಡು ಅವನ ಮುಖ ಬಾಡಿತು. ‘ಉಸ್ತಾದರೇ, ಈ ತಿಂಗಳೊಂದು ತಾಳಿಕೊಳ್ಳಿ’ ಎಂದ. ನಾನು ಹಣ ಕೇಳಲು ಬರಲಿಲ್ಲವೆಂದೂ ಗಡುವು ಇಲ್ಲವೆಂದೂ ಕೈಗೂಡಿದಾಗ ಕೈಗೂಡಿದಷ್ಟು ಕೊಟ್ಟರೆ ಸಾಕೆಂದೂ ಹೇಳಿದೆ. ನಾಳೆಯಿಂದ ಮಸೀದಿಗೆ ಬಾ ಎಂದೆ. ಅವನು ಏನೂ ಹೇಳಲಿಲ್ಲ. ಅವನ ಪತ್ನಿ ಒಳಗಿನಿಂದ ಒಂದು ಲೋಟ ಶರಬತ್ತು ಕಳುಹಿಸಿದರು.

ಅದೇ ವರ್ಷ ಗ್ರೀಸಿನಿಂದ ಇನ್ನೊಂದು ಚಿತ್ರ ಬಂತು. 2015ರಲ್ಲಿ 8 ಲಕ್ಷಕ್ಕೂ ಹೆಚ್ಚು ನಿರಾಶ್ರಿತರು ಸಮುದ್ರ ದಾಟಿ ಆ ದೇಶವನ್ನು ಮುಟ್ಟಿದರು. ಅವರಲ್ಲಿ ಹೆಚ್ಚಿನವರು ಸಿರಿಯಾ, ಅಫ್ಘಾನಿಸ್ತಾನ, ಇರಾಕ್‌ಗಳಿಂದ ಬಂದವರು. ಲೆಸ್ಬೋಸ್ ದ್ವೀಪದ ಒಂದು ಹಳ್ಳಿಯಲ್ಲಿ ಮೂವರು ಅಜ್ಜಿಯರು ಬೆಂಚಿನ ಮೇಲೆ ಕುಳಿತು, ಆಗತಾನೇ ದೋಣಿಯಿಳಿದ ಕೂಸೊಂದಕ್ಕೆ ಬಾಟಲಿಯಲ್ಲಿ ಹಾಲು ಕುಡಿಸುತ್ತಿದ್ದರು. ಆ ದ್ವೀಪದ ಅನೇಕರ ಹಿರಿಯರು 1922ರಲ್ಲಿ ಏಷ್ಯಾ ಮೈನರ್‌ನಿಂದ ನಿರಾಶ್ರಿತರಾಗಿ ಅದೇ ಸಮುದ್ರ ದಾಟಿ ಬಂದವರು. ದಿವಾಳಿಯೆಂದು ಲೋಕವೇ ಜರೆದ ನಾಡಿನ ಮುದುಕಿಯರಿಗೆ ತಮ್ಮವರ ಋಣ ನೆನಪಿತ್ತು. ನಿರಾಶ್ರಿತರಿಗೆ ಅತ್ಯಂತ ದೊಡ್ಡದಾಗಿ ಬಾಗಿಲು ತೆರೆದ ದೇಶಗಳಲ್ಲಿ ಜರ್ಮನಿಯೂ ಒಂದೆಂಬುದನ್ನು ಇಲ್ಲಿ ಹೇಳದಿರುವುದು ಅನ್ಯಾಯವಾದೀತು. ಯಾವ ಜನಾಂಗವನ್ನೂ ಒಂದೇ ಪದದಲ್ಲಿ ಅಳೆಯಲಾಗದು.

ಗ್ರೀಸ್ 2018ರ ಆಗಸ್ಟಿನಲ್ಲಿ ಸಾಲದ ಯೋಜನೆಗಳಿಂದ ಹೊರಬಂತು. ಹಣಕಾಸು ನಿಧಿಯ ಸಾಲವನ್ನು 2022ರಲ್ಲಿ ಅವಧಿಗೆ ಮುನ್ನವೇ ತೀರಿಸಿತು. ಈಗ ಸಾಲದ ಚರ್ಚೆ ಯುರೋಪಿನ ದೊಡ್ಡ ಮನೆಗಳಿಗೆ ಬಂದಿದೆ. ಸಾಲಕ್ಕೆ ಮಿತಿ ಹಾಕುವ ನಿಯಮವನ್ನು 2009ರಲ್ಲಿ ಸಂವಿಧಾನದಲ್ಲೇ ಸೇರಿಸಿದ್ದ ಜರ್ಮನಿ, 2025ರ ಮಾರ್ಚ್‌ನಲ್ಲಿ ರಕ್ಷಣಾ ವೆಚ್ಚಕ್ಕಾಗಿ ಅದನ್ನು ಸಡಿಲಿಸಿತು. ಮೂಲಸೌಕರ್ಯಕ್ಕಾಗಿ 50 ಸಾವಿರ ಕೋಟಿ ಯೂರೋ ಸಾಲದ ನಿಧಿಯನ್ನೂ ಸ್ಥಾಪಿಸಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಫ್ರಾನ್ಸಿನ ಪ್ರಧಾನಿ ಫ್ರಾನ್ಸ್ವಾ ಬೈರೂ, ಸಾಲ ತಗ್ಗಿಸಲು ವೆಚ್ಚ ಕಡಿತದ ಯೋಜನೆಯನ್ನು ಮುಂದಿಟ್ಟು ವಿಶ್ವಾಸಮತ ಕೇಳಿ ಅಧಿಕಾರ ಕಳೆದುಕೊಂಡರು. ಅವರನ್ನು ಯಾರೂ ಸೋಮಾರಿಗಳ ನಾಡಿನವರೆಂದು ಹೀಯಾಳಿಸದಿರಲಿ. ಸಾಲಗಾರನೂ ಸಾಲ ಕೊಟ್ಟವನೂ ಒಂದೇ ಚಾಪೆಯ ಎರಡು ಅಂಚಿನಲ್ಲಿ ಕುಳಿತವರು. ಚಾಪೆ ಯಾವಾಗ ತಿರುಗುವುದೋ ಬಲ್ಲವರಿಲ್ಲ.

ನನ್ನ ಮಿತ್ರ ಆ ರಮಝಾನಿನ ಕೊನೆಯ ಹತ್ತರಲ್ಲಿ ಮಸೀದಿಗೆ ಮರಳಿದ. ಮೂರು ವರ್ಷಗಳಲ್ಲಿ ಐನೂರು, ಸಾವಿರವೆಂದು 22,000 ರೂಪಾಯಿ ತಂದುಕೊಟ್ಟ. ಉಳಿದದ್ದನ್ನು ಬಿಟ್ಟಿದ್ದೇನೆಂದು ಹೇಳಿದೆ. ಅವನು ಒಪ್ಪಿಲ್ಲ, ಇಂದಿಗೂ ಹಬ್ಬದ ಮುಂಚೆ ಏನಾದರೂ ಕೊಡಲು ಬರುತ್ತಾನೆ. ನಾನು ಬೇಡವೆನ್ನುತ್ತೇನೆ. ಕಂಬದ ಬಳಿಯ ಆ ಜಾಗ ಈಗ ಖಾಲಿಯಿಲ್ಲ. ಆದರೆ ಅವನು ನನ್ನನ್ನು ಇಂದಿಗೂ ‘ಉಸ್ತಾದರೇ, ನೀವು’ ಎಂದೇ ಕರೆಯುತ್ತಾನೆ. ಹಳೆಯ ‘ನೀನು’ ಮರಳಿ ಬಂದಿಲ್ಲ. ಸಮಯ ಕೊಡಲು ನಾನು ತಡಮಾಡಿದ ಆ ಎರಡು ವರ್ಷಗಳ ಬೆಲೆ ಅದೆಂದು ತಿಳಿದಿದ್ದೇನೆ.

ನಮಗೆ ಬಿಟ್ಟುಕೊಟ್ಟವರನ್ನು ನೆನೆಯುವ, ಇಕ್ಕಟ್ಟಿನಲ್ಲಿರುವವರಿಗೆ ಕೇಳುವ ಮುನ್ನವೇ ಸಮಯ ಕೊಡುವ ಮನಸ್ಸನ್ನು ಅಲ್ಲಾಹನು ನಮ್ಮೆಲ್ಲರಿಗೂ ಕರುಣಿಸಲಿ. ಆಮೀನ್.