ಕಾಲಿಗೆ ತಕ್ಕ ಜೋಡು

ಹರವೆ ಎಂದೊಡನೆ ಅಜ್ಜಿಯರಿಗೆ ನೆನಪಾಗುವುದು ಸೊಪ್ಪು. ಆದರೆ ಈಗ ನಾವು ಹೇಳಹೊರಟಿರುವುದು ಹರವೆ ಎಂಬ ಊರಿನ ಕಡೆಯ ಮಾತು. ಚಾಮರಾಜನಗರ ತಾಲ್ಲೂಕಿನಲ್ಲಿರುವ ಈ ಊರು ಒಂದು ಹೋಬಳಿಯ ಕೇಂದ್ರ. ಇಲ್ಲೊಂದು ವಿರಕ್ತ ಮಠವಿದೆ. ಅರಿಶಿನ, ಬಾಳೆ, ಸೂರ್ಯಕಾಂತಿ, ಚೆಂಡುಹೂವು ಬೆಳೆಯುವ ಸೀಮೆ ಇದು. ಈ ಕಡೆಯವರ ಬಾಯಲ್ಲಿ ‘ಹ’ಕಾರ ನಿಲ್ಲುವುದಿಲ್ಲ. ಹಳ್ಳಿ ‘ಅಳ್ಳಿ’ಯಾಗುತ್ತದೆ, ಹರವೆ ‘ಅರವೆ’ಯಾಗುತ್ತದೆ. ಕೇಳಲು ಬಹಳ ಹಿತ.

ಒಂದು ಕಡೆಗೆ ಹೋದರೆ ಚಾಮರಾಜನಗರ, ಇನ್ನೊಂದು ಕಡೆಗೆ ಹೋದರೆ ಗುಂಡ್ಲುಪೇಟೆ. ಮನೆಯಲ್ಲಿ ಮದುವೆ ಗೊತ್ತಾದರೆ ಈ ಎರಡರಲ್ಲಿ ಒಂದು ಪೇಟೆಗೆ ಬಸ್ಸು ಹತ್ತಲೇಬೇಕು. ಮೊದಲು ಚಿನ್ನ, ಆಮೇಲೆ ಜವಳಿ, ಕೈಯಲ್ಲಿ ಉಳಿದ ದುಡ್ಡಿನಲ್ಲಿ ಕೊನೆಗೆ ಗಂಡಿನ ಬೂಟು. ಅಷ್ಟು ಹೊತ್ತಿಗೆ ಎಲ್ಲರಿಗೂ ಸುಸ್ತು. ಕೊನೇ ಬಸ್ಸಿನ ಚಿಂತೆ ಬೇರೆ. “ಏಳನೇ ನಂಬರ್ ಕೊಡಪ್ಪ, ಕರೀದು, ಫಳಫಳ ಅನ್ನೋದು” ಎಂದು ಹೇಳಿ, ಕುಳಿತಲ್ಲೇ ಒಮ್ಮೆ ಕಾಲು ತೂರಿಸಿ, ಡಬ್ಬ ಕಂಕುಳಿಗೆ ಇಟ್ಟುಕೊಂಡು ಹೊರಟುಬಿಡುತ್ತಾರೆ.

ಬೇಸರ ಶುರುವಾಗುವುದು ಆಮೇಲೆ. ಧಾರೆಯ ಹೊತ್ತಿನಲ್ಲಿ ಗಂಡು ಪಂಚೆಯುಟ್ಟು ಬರಿಗಾಲಲ್ಲಿ ಹಸೆಮಣೆಯ ಮೇಲೆ ಕೂರುತ್ತಾನೆ. ಬೂಟಿಗೆ ಕೆಲಸವಿರುವುದು ಆರತಕ್ಷತೆಯಲ್ಲಿ ಮಾತ್ರ. ಸೂಟು ತೊಟ್ಟು ಮೂರು ಗಂಟೆ ನಿಂತೇ ಇರಬೇಕು. ಒಂದು ಗಂಟೆಯೊಳಗೆ ಕಿರುಬೆರಳು ಉರಿಯುತ್ತದೆ, ಎರಡನೇ ಗಂಟೆಗೆ ಹಿಮ್ಮಡಿಯಲ್ಲಿ ಬೊಬ್ಬೆ. ಫೋಟೋದಲ್ಲಿ ಗಂಡಿನ ನಗು ಏಕೆ ಅಷ್ಟು ಬಿಗಿಯಾಗಿದೆ ಎಂದರೆ ಹೆಣ್ಣಿನ ಕಡೆಯವರು ಕಾರಣರಲ್ಲ, ಕಾಲಿನ ಕಡೆಯದು ಕಾರಣ!

ಮದುವೆ ಮುಗಿದ ಮೇಲೆ ಆ ಜೋಡು ಡಬ್ಬ ಸೇರಿ, ಡಬ್ಬ ಅಟ್ಟ ಸೇರುತ್ತದೆ. ನಾಲ್ಕಾರು ವರ್ಷದ ನಂತರ ತಮ್ಮನ ಮದುವೆಗೆಂದು ತೆಗೆದರೆ, ಮೇಲಿನ ಹೊಳಪು ಸಿಪ್ಪೆಯಂತೆ ಸುಲಿದುಬಂದಿರುತ್ತದೆ. ಕಾಲಿಟ್ಟು ನಾಲ್ಕು ಹೆಜ್ಜೆ ಹಾಕಿದರೆ ಅಟ್ಟೆ ಪುಡಿಪುಡಿಯಾಗಿ ಉದುರುತ್ತದೆ. “ಎಷ್ಟು ದಿನದ ಕೂಲಿ ಸುರಿದು ತಂದದ್ದು! ಬೇಡಾಂದ್ರೂ ಕೇಳಲಿಲ್ಲ” ಎಂದು ತಾತ ಗೊಣಗುತ್ತಾರೆ. “ನೀವೂ ಹಂಗೇ ತಂದಿದ್ರಿ ಬುಡಿ” ಎಂದು ಅಜ್ಜಿ ಅವರ ಬಾಯಿ ಮುಚ್ಚಿಸುತ್ತಾರೆ.

ಇಂಥ ಬೂಟು ಕೊಂಡವರನ್ನು ನೋಡಿ ನಗುವುದು ಸುಲಭ. ಹೊಲದಲ್ಲಿ ದುಡಿಯುವವರಿಗೆ ಇದೆಲ್ಲ ಏಕೆ ಬೇಕಿತ್ತು ಎನ್ನುವವರೂ ಇದ್ದಾರೆ. ಆದರೆ ಮಕ್ಕಳೇ, ಈ ಮಾತು ಆಡುವ ಮೊದಲು ನಿಮ್ಮ ಮನೆಯ, ನೆರೆಮನೆಯ ಹಿರಿಯರನ್ನು ಒಮ್ಮೆ ಕೇಳಿ ನೋಡಿ. ಹಿಂದೆ ಎಷ್ಟೋ ಹಳ್ಳಿಗಳಲ್ಲಿ ಕೆಲವು ಜಾತಿಯ ಜನ ಮೇಲ್ಜಾತಿಯವರ ಬೀದಿಯಲ್ಲಿ ಎಕ್ಕಡ ಮೆಟ್ಟಿ ನಡೆಯುವಂತಿರಲಿಲ್ಲ. ಬೀದಿ ಬಂದಾಗ ಕಳಚಿ ಕೈಯಲ್ಲಿ ಹಿಡಿದು ನಡೆಯಬೇಕಿತ್ತು. ಊರಿಗೆಲ್ಲ ಜೋಡು ಹೊಲಿದುಕೊಟ್ಟವರೇ ತಮ್ಮ ಕಾಲಿಗೆ ಜೋಡು ಹಾಕಿಕೊಂಡು ಆ ಬೀದಿಗೆ ಬರುವಂತಿರಲಿಲ್ಲ. 1950ರ ಜನವರಿ 26ರಂದು ಜಾರಿಗೆ ಬಂದ ನಮ್ಮ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. ಹಳ್ಳಿಗಳಲ್ಲಿ ನೀವು ನೋಡುವ ಡಾ. ಬಿ.ಆರ್. ಅಂಬೇಡ್ಕರ್ ಅವರ ಪ್ರತಿಮೆಯನ್ನು ನೆನಪಿಸಿಕೊಳ್ಳಿ. ಕೋಟು, ಟೈ, ಕೈಯಲ್ಲಿ ಪುಸ್ತಕ, ಕಾಲಲ್ಲಿ ಬೂಟು. ಆ ಬೂಟು ಶೋಕಿಗೆ ಹಾಕಿದ್ದಲ್ಲ. ಎಲ್ಲರಂತೆ ತಲೆಯೆತ್ತಿ ನಡೆಯುತ್ತೇನೆ ಎಂದು ಹೇಳುವ ಬಗೆ ಅದು. ಆದ್ದರಿಂದ ಮದುವೆಯ ದಿನ ಒಳ್ಳೆಯ ಬೂಟು ಬೇಕೆಂಬ ಆಸೆಯಲ್ಲಿ ತಪ್ಪೇನಿಲ್ಲ. ತಪ್ಪಾಗುವುದು ಅಂಗಡಿಯಲ್ಲಿ. ಅಲ್ಲಿ ನಾವು ಬೂಟನ್ನು ನೋಡುತ್ತೇವೆ, ನಮ್ಮ ಕಾಲನ್ನು ನೋಡುವುದಿಲ್ಲ.

ಕಾಲು ನೋಡಿ ಜೋಡು ಮಾಡುವ ವಿದ್ಯೆ ಈ ಜಿಲ್ಲೆಗೆ ಹೊಸದಲ್ಲ. ಹರವೆಯಿಂದ ಚಾಮರಾಜನಗರಕ್ಕೆ ಬಂದು, ಅಲ್ಲಿಂದ ಯಳಂದೂರಿನ ಮೇಲೆ ಹೋದರೆ ಬಿಳಿಗಿರಿರಂಗನ ಬೆಟ್ಟ. ಕೆ. ಗುಡಿಯ ಕಾಡುದಾರಿಯಲ್ಲೂ ಹೋಗಬಹುದು. ಬೆಟ್ಟದ ರಂಗನಾಥನಿಗೆ ಭಕ್ತರು ಎರಡು ವರ್ಷಕ್ಕೊಮ್ಮೆ ಚರ್ಮದ ದೊಡ್ಡ ಪಾದರಕ್ಷೆ ಅರ್ಪಿಸುತ್ತಾರೆ. ಒಂದೊಂದರ ಉದ್ದ 1 ಅಡಿ 9 ಅಂಗುಲ! ಸ್ವಾಮಿ ಇವನ್ನು ಮೆಟ್ಟಿ ಕಾಡೆಲ್ಲ ಸುತ್ತುತ್ತಾನೆ, ಅದಕ್ಕೇ ಸವೆಯುತ್ತವೆ, ಮತ್ತೆ ಹೊಸದು ಬೇಕಾಗುತ್ತದೆ ಎಂಬುದು ನಂಬಿಕೆ. ಭಕ್ತರು ಆ ಪಾದರಕ್ಷೆಯನ್ನು ತಲೆಗೆ ಮುಟ್ಟಿಸಿಕೊಂಡು ಹರಸಿಕೊಳ್ಳುತ್ತಾರೆ. ಬೆಟ್ಟದ ಸೋಲಿಗರಿಗಂತೂ ರಂಗನಾಥ ಬರೀ ದೇವರಲ್ಲ, ಬಾವ. ತಮ್ಮ ಹೆಣ್ಣು ಕುಸುಮಾಲೆಯನ್ನು ಮದುವೆಯಾದವನು ಎಂದು ‘ರಂಗಬಾವ’ ಎಂದೇ ಕರೆಯುತ್ತಾರೆ. ದೇವರಿಗೆ ಮಾಡಿದ ಜೋಡೂ ಪೆಟ್ಟಿಗೆಯಲ್ಲಿ ಕೂರುವುದಿಲ್ಲ, ನಡೆದು ಸವೆಯುತ್ತದೆ ಎಂದು ನಂಬಿದ ಜನ ಇವರು.

ಇನ್ನೂ ಪೂರ್ವಕ್ಕೆ ಹೋದರೆ ಮಲೆ ಮಹದೇಶ್ವರ ಬೆಟ್ಟ. ಕಂಸಾಳೆ ಹಿಡಿದ ದೇವರಗುಡ್ಡರು ಹಾಡುವ ಮಾದಪ್ಪನ ಕಥೆಯಲ್ಲಿ ಶ್ರವಣನೆಂಬ ಗರ್ವಿಷ್ಠ ದೊರೆಯೊಬ್ಬ ಬರುತ್ತಾನೆ. ಅವನಿಗಾಗಿ ಅರಗಿನ ಪಾದರಕ್ಷೆ ತಯಾರಾಗುತ್ತದೆ. ನೋಡಲು ಚೆಂದ ಎಂದು ದೊರೆ ಮೆಟ್ಟುತ್ತಾನೆ. ಆ ಅರಗಿನ ಜೋಡೇ ಅವನ ಕೊನೆಗೆ ಕಾರಣವಾಗುತ್ತದೆ. ಅರಗು ಹೊಳೆಯುತ್ತದೆ, ಬಿಸಿ ತಾಗಿದರೆ ಕರಗುತ್ತದೆ. ಯಾವುದರಿಂದ ಮಾಡಿದ್ದು ಎಂದು ಕೇಳದೆ ಹೊಳಪು ನೋಡಿ ಕಾಲಿಡಬಾರದು ಎಂದು ಅಜ್ಜಂದಿರು ಈ ಕಥೆಯಿಂದ ಬುದ್ಧಿ ಹೇಳಬಹುದು.

ಜೋಡಿನ ಕಥೆ ಎಂದ ಮೇಲೆ 12ನೇ ಶತಮಾನದ ಕಲ್ಯಾಣದ ಹರಳಯ್ಯನನ್ನು ಮರೆಯುವಂತಿಲ್ಲ. ಹರಳಯ್ಯ “ಶರಣು” ಎಂದರೆ ಬಸವಣ್ಣ “ಶರಣು ಶರಣಾರ್ಥಿ” ಎಂದರಂತೆ. ಒಂದು ನಮಸ್ಕಾರಕ್ಕೆ ಎರಡು ಬಂತಲ್ಲ, ಈ ಋಣ ತೀರಿಸುವುದು ಹೇಗೆಂದು ಹರಳಯ್ಯ ಮತ್ತು ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದಲೇ ಚಮ್ಮಾವುಗೆ ಮಾಡಿ ತಂದರು ಎನ್ನುತ್ತದೆ ಕಥೆ. ಬಸವಣ್ಣ ಅವನ್ನು ಕಾಲಿಗೆ ಹಾಕಲಿಲ್ಲ, ತಲೆಯ ಮೇಲಿಟ್ಟುಕೊಂಡು ಹಿಂದಿರುಗಿಸಿದರು. ಜೋಡು ಹೊಲಿಯುವವರ ಶ್ರಮದ ಬೆಲೆಯನ್ನು ಇದಕ್ಕಿಂತ ಚೆನ್ನಾಗಿ ಹೇಳಿದ ಕಥೆ ಸಿಗುವುದು ಕಷ್ಟ.

ಈಗ ಅಂಗಡಿಗೆ ಬರೋಣ. ಬೂಟಿನ ಮೇಲಿನ ನಂಬರ್ ಎಂದರೇನು ಗೊತ್ತೇ? ನಮ್ಮಲ್ಲಿ ಬಳಕೆಯಲ್ಲಿರುವ 6, 7, 8 ಎಂಬುದು ಬ್ರಿಟಿಷರ ಲೆಕ್ಕ. ಒಂದು ನಂಬರಿಗೂ ಮುಂದಿನ ನಂಬರಿಗೂ ವ್ಯತ್ಯಾಸ ಅಂಗುಲದ ಮೂರನೇ ಒಂದು ಪಾಲು, ಅಂದರೆ ಒಂದು ಜವೆಗೋದಿ ಕಾಳಿನ ಉದ್ದ. ಡಬ್ಬದ ಮೇಲೆ 41, 42 ಎಂದಿದ್ದರೆ ಅದು ಯುರೋಪಿನ ಲೆಕ್ಕ. ಬ್ರಿಟಿಷರ 8 ಅಲ್ಲಿ ಹೆಚ್ಚುಕಡಿಮೆ 42. ಬೂಟನ್ನು ಮರದ ಇಲ್ಲವೆ ಪ್ಲಾಸ್ಟಿಕ್ಕಿನ ಅಚ್ಚಿನ ಮೇಲೆ ಎಳೆದು ಕಟ್ಟುತ್ತಾರೆ. 8ನೇ ನಂಬರಿನ ಅಚ್ಚು 11 ಅಂಗುಲ. ಹಾಗಾದರೆ 21 ಅಂಗುಲದ ರಂಗನಾಥನ ಪಾದರಕ್ಷೆಗೆ ಎಷ್ಟನೇ ನಂಬರ್? 10 ಅಂಗುಲ ಹೆಚ್ಚು, ಅಂಗುಲಕ್ಕೆ ಮೂರು ನಂಬರ್, ಒಟ್ಟು 30. ಅದಕ್ಕೆ 8 ಸೇರಿಸಿದರೆ 38! ಯಾವ ಅಂಗಡಿಯಲ್ಲೂ ಸಿಗದ ನಂಬರ್.

ಈ ನಂಬರ್ ಹೇಳುವುದು ಉದ್ದವನ್ನು ಮಾತ್ರ, ಅಗಲವನ್ನಲ್ಲ. ತೊಂದರೆಯ ಮೂಲ ಇಲ್ಲಿದೆ. ಚೆನ್ನೈನಲ್ಲಿರುವ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯವರು 2021ರ ಡಿಸೆಂಬರ್‌ನಿಂದ 2022ರ ಮಾರ್ಚ್‌ವರೆಗೆ ದೇಶದ 79 ಸ್ಥಳಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದಗಳನ್ನು ಯಂತ್ರದಿಂದ ಅಳೆದರು. ಭಾರತೀಯರ ಪಾದ ಯುರೋಪ್, ಅಮೆರಿಕದವರ ಪಾದಕ್ಕಿಂತ ಅಗಲ ಎಂದು ಕಂಡುಬಂತು. ಅಗಲ ಸಾಲದ್ದಕ್ಕೆ ನಾವು ಒಂದು ನಂಬರ್ ದೊಡ್ಡದು ಕೊಳ್ಳುತ್ತೇವೆ. ಆಗ ಮುಂದೆ ಖಾಲಿ, ಹಿಂದೆ ಸಡಿಲ, ನಡೆದರೆ ಹಿಮ್ಮಡಿ ಉಜ್ಜಿ ಬೊಬ್ಬೆ. ನಮ್ಮ ಪಾದಕ್ಕೆ ಹೊಂದುವ ‘ಭಾ’ ಎಂಬ ಹೊಸ ಅಳತೆಯನ್ನು ಅವರು ಸೂಚಿಸಿದ್ದಾರೆ. ‘ಭಾ’ ಎಂದರೆ ಭಾರತ.

ಅದು ಎಲ್ಲ ಅಂಗಡಿಗೂ ಬರುವವರೆಗೆ ನಮ್ಮ ಎಚ್ಚರ ನಮಗಿರಲಿ. ಬೂಟು ಕೊಳ್ಳಲು ಸಂಜೆ ಹೊತ್ತು ಒಳ್ಳೆಯದು. ದಿನವೆಲ್ಲ ಓಡಾಡಿದ ಪಾದ ಸಂಜೆಗೆ ಸ್ವಲ್ಪ ಊದಿರುತ್ತದೆ, ಆರತಕ್ಷತೆಯೂ ಸಂಜೆಯೇ ತಾನೆ? ಎರಡು ಕಾಲಿಗೂ ಹಾಕಿ ನೋಡಿ, ಏಕೆಂದರೆ ಎಷ್ಟೋ ಜನರಿಗೆ ಒಂದು ಪಾದ ಇನ್ನೊಂದಕ್ಕಿಂತ ಕೊಂಚ ದೊಡ್ಡದು. ದೊಡ್ಡ ಪಾದಕ್ಕೆ ಸರಿಹೋಗುವುದನ್ನೇ ಆರಿಸಿ. ಕಾಲುಚೀಲ ಹಾಕಿಕೊಂಡೇ ನೋಡಿ. ಕುಳಿತು ನೋಡಿದರೆ ಸಾಲದು, ಅಂಗಡಿಯೊಳಗೆ ಹತ್ತು ಸುತ್ತು ನಡೆಯಿರಿ. “ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ” ಎಂದು ಯಾರಾದರೂ ಹೇಳಿದರೆ, “ಚರ್ಮವೋ ರೆಕ್ಸಿನ್ನೋ?” ಎಂದು ಕೇಳಿ. ಚರ್ಮ ಅಗಲಕ್ಕೆ ತುಸು ಸಡಿಲವಾಗುತ್ತದೆ, ಉದ್ದಕ್ಕೆ ಬೆಳೆಯುವುದಿಲ್ಲ. ರೆಕ್ಸಿನ್ ಎರಡಕ್ಕೂ ಜಗ್ಗುವುದಿಲ್ಲ. ಲೇಸು ಕಟ್ಟುವ ಬೂಟಿನಲ್ಲೂ ಎರಡು ಬಗೆ. ಆಕ್ಸ್‌ಫರ್ಡ್ ಎಂಬುದರಲ್ಲಿ ಲೇಸಿನ ಎರಡು ಪಕ್ಕಗಳು ಬುಡದಲ್ಲಿ ಹೊಲಿದು ಮುಚ್ಚಿರುತ್ತವೆ. ಡರ್ಬಿಯಲ್ಲಿ ಅವು ಬಾಗಿಲಿನಂತೆ ತೆರೆಯುತ್ತವೆ. ಅಗಲ ಪಾದಕ್ಕೆ, ಎತ್ತರದ ಪಾದಕ್ಕೆ ಡರ್ಬಿಯೇ ಹಿತ.

ತಾತಂದಿರಿಗೆ ಒಂದು ಮಾತು. ವಯಸ್ಸಾದಂತೆ ಪಾದ ಹರಡುತ್ತದೆ. ಮದುವೆಯ ಕಾಲದ ನಂಬರನ್ನು ಈಗಲೂ ನಂಬಬೇಡಿ. ಹುಡುಗರ ಪಾದವೋ ಸುಮಾರು 15–16 ವರ್ಷದವರೆಗೂ ಬೆಳೆಯುತ್ತದೆ. ಮೊಮ್ಮಗನಿಗೆ ದುಬಾರಿ ಬೂಟು ತೆಗೆದುಕೊಟ್ಟು, ಮುಂದಿನ ಯುಗಾದಿಗೆ ಆಗಲಿಲ್ಲವಲ್ಲ ಎಂದು ಕೊರಗುವುದು ಬೇಡ. ಸರ್ಕಾರಿ ಶಾಲೆಯ ಮಕ್ಕಳಿಗೆ ಕಪ್ಪು ಶೂ ಕೊಡುವ ಯೋಜನೆ ನಮ್ಮ ರಾಜ್ಯದಲ್ಲಿ 2015–16ರಲ್ಲಿ ಶುರುವಾಯಿತು. ಕಾಲಿಗೆ ಸರಿಯಾಗಿದ್ದರೆ, ಪಾಲಿಶ್ ಹಾಕಿದರೆ, ಮದುವೆಮನೆಗೂ ಆ ಶೂ ಚೆನ್ನಾಗಿಯೇ ಒಪ್ಪುತ್ತದೆ.

ಆಗಲೇ ಕೊಂಡು ಬೇಸರಪಡುತ್ತಿರುವವರು ಏನು ಮಾಡಬೇಕು? ಬಿಲ್ಲು ಜೋಪಾನವಾಗಿಟ್ಟು, ಮನೆಯೊಳಗೆ ಚಾಪೆಯ ಮೇಲಷ್ಟೇ ನಡೆದು ನೋಡಿ. ಅಟ್ಟೆಗೆ ಮಣ್ಣು ತಾಗಿರದಿದ್ದರೆ ಎಷ್ಟೋ ಅಂಗಡಿಯವರು ಬದಲಾಯಿಸಿ ಕೊಡುತ್ತಾರೆ. ಬಿಗಿಯಾದ ಚರ್ಮದ ಬೂಟನ್ನು ಪೇಟೆಯ ಚಮ್ಮಾರರ ಬಳಿ ಕೊಟ್ಟರೆ ಅಚ್ಚು ತೂರಿಸಿ ಸಡಿಲಿಸುತ್ತಾರೆ. ಸಡಿಲವಾದದ್ದಕ್ಕೆ ಒಳಗೊಂದು ಮೆತ್ತೆ ಹಾಕುತ್ತಾರೆ. ಅವರ ಕೈಚಳಕಕ್ಕೆ ಚೌಕಾಸಿ ಮಾಡಬೇಡಿ, ಹರಳಯ್ಯನನ್ನು ನೆನೆಯಿರಿ. ಏನು ಮಾಡಿದರೂ ಆಗದಿದ್ದರೆ, ಸರಿಹೋಗುವ ಕಾಲಿನ ನೆಂಟರಿಗೆ ಕೊಟ್ಟುಬಿಡಿ. ಅಟ್ಟದಲ್ಲಿ ಇಟ್ಟರೆ ಉಳಿಯುತ್ತದೆ ಎಂದುಕೊಳ್ಳಬೇಡಿ. ಈಗಿನ ಹಲವು ಬೂಟುಗಳ ಅಟ್ಟೆ ಪಾಲಿಯುರೆಥೇನ್ ಎಂಬ ವಸ್ತುವಿನದು. ಗಾಳಿಯ ತೇವ ಅದನ್ನು ಒಳಗೊಳಗೇ ಒಡೆಯುತ್ತದೆ. ಹಾಕದೆ ಮುಚ್ಚಿಟ್ಟರೂ ಕೆಲವೇ ವರ್ಷಗಳಲ್ಲಿ ಪುಡಿಯಾಗುತ್ತದೆ. ಆದ್ದರಿಂದ ಮದುವೆ ಬೂಟನ್ನು ಮದುವೆಗೇ ಮೀಸಲಿಡಬೇಡಿ. ಮಗಳ ಶಾಲೆಯ ಸಭೆಗೆ ಹಾಕಿ, ಬ್ಯಾಂಕಿಗೆ ಹಾಕಿ, ಗ್ರಾಮಸಭೆಗೆ ಹಾಕಿಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕೂರಿ.

ಮಕ್ಕಳೇ, ಈ ಭಾನುವಾರ ಒಂದು ಕೆಲಸ ಮಾಡಿ. ಹಳೆಯ ಪತ್ರಿಕೆಯ ಹಾಳೆಯನ್ನು ನೆಲಕ್ಕೆ ಹಾಸಿ, ಸಂಜೆ ಹೊತ್ತು ತಾತನನ್ನು ಅದರ ಮೇಲೆ ನಿಲ್ಲಿಸಿ. ಸೀಸದಕಡ್ಡಿಯನ್ನು ನೇರ ಹಿಡಿದು ಎರಡೂ ಪಾದದ ಸುತ್ತ ಗೆರೆ ಎಳೆಯಿರಿ. ಉದ್ದ ಎಷ್ಟು, ಬೆರಳುಗಳ ಬುಡದಲ್ಲಿ ಅಗಲ ಎಷ್ಟು ಎಂದು ಅಳತೆಪಟ್ಟಿಯಿಂದ ಅಳೆದು ಬರೆದಿಡಿ. ಆಮೇಲೆ ಅದೇ ಹಾಳೆಯ ಮೇಲೆ ಅವರ ಬೂಟು ಇಟ್ಟು ನೋಡಿ. ಬೂಟು ಗೆರೆಯೊಳಗೇ ಕೂತರೆ, ತಾತನ ಕಾಲು ಇಷ್ಟು ವರ್ಷ ಏಕೆ ನೋಯುತ್ತಿತ್ತು ಎಂದು ಮನೆಯವರಿಗೆಲ್ಲ ತಿಳಿಯುತ್ತದೆ. ಮುಂದಿನ ಸಲ ಚಾಮರಾಜನಗರಕ್ಕೋ ಗುಂಡ್ಲುಪೇಟೆಗೋ ಬಸ್ಸು ಹತ್ತುವಾಗ ಆ ಹಾಳೆಯನ್ನು ಮಡಿಸಿ ತಾತನ ಜೇಬಿಗೆ ಹಾಕಿ. ಅಂಗಡಿಯಲ್ಲಿ ನಂಬರ್ ಹೇಳುವ ಮೊದಲು ಅದನ್ನು ತೆರೆದು ತೋರಿಸಲಿ.