ಗಿರಾಕಿಯನ್ನು ದಡ್ಡನೆನ್ನುವ ಮುನ್ನ

ಬಟ್ಟೆ ಅಂಗಡಿಗೆ ಹೋದವರು ಮೊದಲು ಮಾಡುವ ಕೆಲಸವೇನು? ಬೆಲೆ ಕೇಳುವುದಲ್ಲ, ಬಟ್ಟೆಯನ್ನು ಮುಟ್ಟಿ ನೋಡುವುದು. ಅಂಚನ್ನು ಬೆರಳುಗಳ ನಡುವೆ ತಿಕ್ಕಿ, ಬಾಗಿಲ ಬೆಳಕಿಗೆ ಹಿಡಿದು, ಜೊತೆಗೆ ಬಂದ ಮಗುವಿನ ಬೆನ್ನಿಗೆ ಒತ್ತಿ ಅಳತೆ ನೋಡಿದ ಮೇಲೆಯೇ ಚೌಕಾಸಿ. ಮೊಬೈಲಿನಲ್ಲಿ ಕೊಳ್ಳುವಾಗ ಮುಟ್ಟುವ ಈ ಅವಕಾಶವಿಲ್ಲ. ಒಂದು ಚಿತ್ರ, ನಾಲ್ಕು ಸಾಲು ಬರಹ, ಅಷ್ಟೆ. ಕೈ ಮಾಡುತ್ತಿದ್ದ ಕೆಲಸವನ್ನೆಲ್ಲ ಅಲ್ಲಿ ಮಾರುವವರ ಮಾತು ಮಾಡಬೇಕಾಗುತ್ತದೆ.

ನಮ್ಮ ಬೀದಿಯ ಹೆಣ್ಣುಮಗಳೊಬ್ಬಳು ಮನೆಯಲ್ಲೇ ಮಕ್ಕಳ ಫ್ರಾಕ್ ಹೊಲಿದು ವಾಟ್ಸಾಪಿನಲ್ಲಿ ಮಾರುತ್ತಾಳೆ. ಗಂಡ ಆಟೋ ಓಡಿಸುತ್ತಿದ್ದವರು, ಬೆನ್ನಿನ ನೋವಿನಿಂದ ಮನೆಯಲ್ಲಿದ್ದಾರೆ. ಮೂವರು ಮಕ್ಕಳ ಶಾಲೆ, ಮನೆ ಬಾಡಿಗೆ ಎಲ್ಲವೂ ಆ ಹೊಲಿಗೆ ಯಂತ್ರದ ಮೇಲೆ ನಿಂತಿವೆ. ಒಂದು ಫ್ರಾಕ್ ಮಾರಿದರೆ ಅವಳ ಕೈಗುಳಿಯುವುದು 150 ರೂಪಾಯಿ. ಅದು ಸರಿಹೊಂದದೆ ಹಿಂದಿರುಗಿದರೆ ಹೋಗಿ ಬರುವ ಕೊರಿಯರ್ ಖರ್ಚೇ ಅಷ್ಟಾಗುತ್ತದೆ. ಕಳೆದ ವರ್ಷ ಹೀಗೆ ಹಿಂದಿರುಗುವ ಪೊಟ್ಟಣಗಳು ಹೆಚ್ಚಾದವು.

"ಆಪಾ, ಸೈಜ್ ಸ್ಪಷ್ಟವಾಗಿ ಬರೆದಿದ್ದೇನೆ. ಈ ಜನಕ್ಕೆ ಓದಲು ಬರುವುದಿಲ್ಲವೇ?" ಎಂದು ಒಂದು ದಿನ ಬೇಸರದಿಂದ ಕೇಳಿದಳು.

ಅವಳು ಬರೆದಿದ್ದದ್ದು '6-7 ವರ್ಷ' ಎಂದು. ಅವಳದೇ ಮಗಳನ್ನೂ ಪಕ್ಕದ ಮನೆಯ ಹುಡುಗಿಯನ್ನೂ ಒಟ್ಟಿಗೆ ನಿಲ್ಲಿಸಿದೆ. ಇಬ್ಬರಿಗೂ ಏಳು ವರ್ಷ, ಎತ್ತರದಲ್ಲಿ ಒಂದು ಗೇಣಿನ ಅಂತರ. "ಈ ಇಬ್ಬರಲ್ಲಿ ನಿನ್ನ ಫ್ರಾಕ್ ಯಾರಿಗೆ ಹೇಳಮ್ಮಾ?" ಎಂದೆ. ಅವಳು ನಕ್ಕಳು.

ಒಬ್ಬರು ತಪ್ಪು ಮಾಡಿದರೆ ಅದು ಅವರ ತಪ್ಪಿರಬಹುದು. ಹತ್ತು ಜನ ಅದೇ ತಪ್ಪು ಮಾಡಿದರೆ? ಆಗ ದೋಷವನ್ನು ವಸ್ತುವಿನಲ್ಲೋ ನಮ್ಮ ಮಾತಿನಲ್ಲೋ ಹುಡುಕಬೇಕು. ಅಮೆರಿಕದ ಡೊನಾಲ್ಡ್ ನಾರ್ಮನ್ 1988ರಲ್ಲಿ ದಿನಬಳಕೆಯ ವಸ್ತುಗಳ ವಿನ್ಯಾಸದ ಬಗ್ಗೆ ಪುಸ್ತಕ ಬರೆದಾಗ ಅದರ ತಿರುಳೂ ಇದೇ ಆಗಿತ್ತು. ಎಳೆಯಬೇಕಾದ ಬಾಗಿಲನ್ನು ಎಲ್ಲರೂ ತಳ್ಳುತ್ತಿದ್ದರೆ ತಪ್ಪು ಆ ಬಾಗಿಲಿನದು.

ನಮ್ಮ ಅಡುಗೆಮನೆಯ ಪ್ರೆಶರ್ ಕುಕ್ಕರಿಗೂ ಇಂತಹ ಕಥೆಯಿದೆ. ದಶಕಗಳ ಹಿಂದೆ ಕುಕ್ಕರುಗಳು ಸಿಡಿದ ದೂರುಗಳು ಬಂದಾಗ ಟಿಟಿಕೆ ಪ್ರೆಸ್ಟೀಜ್ ಕಂಪೆನಿಯ ಟಿ.ಟಿ. ಜಗನ್ನಾಥನ್ ಕಾರಣ ಹುಡುಕಿದರು. ಸೇಫ್ಟಿ ವಾಲ್ವ್ ಹಾಳಾದಾಗ ಜನ ಪೇಟೆಯಲ್ಲಿ ಸಿಗುವ ನಕಲಿ ವಾಲ್ವ್ ಹಾಕಿಸಿಕೊಳ್ಳುತ್ತಿದ್ದರು. 'ಅಸಲಿಯನ್ನೇ ಕೊಳ್ಳಿ' ಎಂದು ಬುದ್ಧಿ ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಅವರು ಹಾಗೆ ಮಾಡದೆ ಮುಚ್ಚಳದ ಅಂಚಿನಲ್ಲಿ ಒಂದು ಸಣ್ಣ ಸೀಳು ಇಟ್ಟರು. ವಾಲ್ವ್ ಕೆಲಸ ಮಾಡದೆ ಒತ್ತಡ ಮಿತಿಮೀರಿದರೆ ಗ್ಯಾಸ್ಕೆಟ್ ಆ ಸೀಳಿನಿಂದ ಹೊರಚಾಚಿ ಹಬೆಗೆ ದಾರಿ ಬಿಡುತ್ತದೆ. ಅಡುಗೆ ಮಾಡುವವಳು ನಕಲಿ ವಾಲ್ವ್ ಹಾಕಿಸಿದರೂ ಅವಳ ಜೀವ ಉಳಿಯಬೇಕೆಂಬ ಕಾಳಜಿ ಆ ಸೀಳಿನಲ್ಲಿದೆ.

ಈ ಕಾಳಜಿ ಎಲ್ಲೆಡೆ ಕಾಣುವುದಿಲ್ಲ. ಮಾತ್ರೆಯ ಪಟ್ಟಿಯನ್ನೇ ನೋಡಿ. ಅವಧಿ ಮುಗಿಯುವ ದಿನಾಂಕ ಒಂದು ಮೂಲೆಯಲ್ಲಿ ಮಾತ್ರ ಇರುತ್ತದೆ. ನಾಲ್ಕು ಮಾತ್ರೆ ಕತ್ತರಿಸಿ ಕೊಟ್ಟರೆ ದಿನಾಂಕ ಅಂಗಡಿಯಲ್ಲೇ ಉಳಿಯುತ್ತದೆ. ಕಣ್ಣು ಮಂಜಾದ ನನ್ನ ಅಮ್ಮನಂಥವರ ಗತಿಯೇನು?

ಫ್ರಾಕಿನ ವಿಷಯಕ್ಕೆ ಬರೋಣ. ನಾವು ದುಬಾರಿ ಕ್ಯಾಮೆರಾ ತರಲಿಲ್ಲ, ಜಾಹೀರಾತು ಕೊಡಲಿಲ್ಲ. ವಯಸ್ಸಿನ ಜೊತೆಗೆ ಭುಜದಿಂದ ಕೆಳ ಅಂಚಿನವರೆಗಿನ ಉದ್ದ, ಎದೆಯ ಸುತ್ತಳತೆ ಎರಡನ್ನೂ ಇಂಚಿನಲ್ಲಿ ಬರೆದೆವು. 'ಮಗುವಿಗೆ ಈಗ ಸರಿಯಾಗುವ ಒಂದು ಫ್ರಾಕನ್ನು ಹಾಸಿ ಅಳೆದು ತಿಳಿಸಿ' ಎಂಬ ಸಾಲು ಸೇರಿಸಿದೆವು. ರಾತ್ರಿ ಟ್ಯೂಬ್‌ಲೈಟಿನಲ್ಲಿ ತೆಗೆದ ಚಿತ್ರದಲ್ಲಿ ಕಡುನೀಲಿ ಕಪ್ಪಾಗಿ ಕಾಣುತ್ತಿತ್ತು. ಈಗ ಬೆಳಿಗ್ಗೆ ಕಿಟಕಿಯ ಬಳಿ ತೆಗೆಯುತ್ತಾಳೆ. 'ಮೊದಲ ಒಗೆತದಲ್ಲಿ ಬಣ್ಣ ಸ್ವಲ್ಪ ಬಿಡುತ್ತದೆ, ಬೇರೆಯಾಗಿ ಒಗೆಯಿರಿ' ಎಂದು ಬರೆಯಲು ಮಾತ್ರ ಅವಳು ಹಿಂಜರಿದಳು. ಯಾರು ಕೊಳ್ಳುತ್ತಾರೆ ಎಂಬ ಭಯ. ಕೊಳ್ಳುವವರು ಕೊಂಡರು. ಮುಂಚೆಯೇ ಹೇಳಿದ ಕಾರಣ ದೂರು ಬರಲಿಲ್ಲ. ಹಿಂದಿರುಗುವ ಪೊಟ್ಟಣಗಳು ಪೂರ್ತಿ ನಿಂತಿಲ್ಲ, ಆದರೆ ಬಹಳ ಕಡಿಮೆಯಾಗಿವೆ.

ದೊಡ್ಡ ಮಾರಾಟ ತಾಣಗಳಲ್ಲಿ ಗಿರಾಕಿಯ ಸುಖ ಎಂಬ ಮಾತಿಗೆ ಬೇರೆ ಅರ್ಥವೂ ಬಂದುಬಿಟ್ಟಿದೆ. ಕೊಳ್ಳಲು ಒಂದೇ ಗುಂಡಿ, ರದ್ದು ಮಾಡಲು ಹತ್ತು ಪುಟ. ಕೇಳದ ವಸ್ತು ಬುಟ್ಟಿಗೆ ಸೇರಿರುತ್ತದೆ. 'ಎರಡೇ ಉಳಿದಿವೆ' ಎಂಬ ಸುಳ್ಳು ಅವಸರ. ಇಂತಹ 13 ಬಗೆಯ ಕಣ್ಕಟ್ಟುಗಳನ್ನು ಪಟ್ಟಿ ಮಾಡಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರಿನಲ್ಲಿ ನಿಷೇಧಿಸಿತು. ಅದಕ್ಕೂ ಮುಂಚೆ, 2020ರ ಇ-ಕಾಮರ್ಸ್ ನಿಯಮಗಳು ದೂರು ತಲುಪಿದ್ದನ್ನು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು ಎಂದವು. ವಸ್ತು ದೋಷಯುಕ್ತವಾಗಿದ್ದರೆ ಅಥವಾ ಹೇಳಿದಂತೆ ಇಲ್ಲದಿದ್ದರೆ ಮಾರಾಟಗಾರ ಅದನ್ನು ಹಿಂಪಡೆಯಲೇಬೇಕು. ಮೋಸಹೋದವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆಮಾಡಬಹುದು.

ಆದರೆ ಮನೆಯಲ್ಲಿ ಕುಳಿತು ಮಾರುವ ಹೆಣ್ಣುಮಕ್ಕಳಿಗೆ ಕಾನೂನಿಗಿಂತ ಹತ್ತಿರದ್ದು ಗಿರಾಕಿಯ ನಂಬಿಕೆ. ಅವರಿಗೆ ದೊಡ್ಡ ಹೆಸರಿಲ್ಲ, ರಿಯಾಯಿತಿ ಕೊಡುವ ಶಕ್ತಿಯಿಲ್ಲ. ಕೊಳ್ಳುವವಳ ಪ್ರಶ್ನೆಗೆ ತಾವೇ ಉತ್ತರಿಸಬಲ್ಲ ಅನುಕೂಲವೊಂದಿದೆ, ಅದು ದೊಡ್ಡವರಿಗಿಲ್ಲ. ನೀವೂ ಹೀಗೆ ಮಾರುವವರಾಗಿದ್ದರೆ, ಒಂದೇ ಪ್ರಶ್ನೆಯನ್ನು ಮೂರನೆಯವರು ಕೇಳಿದಾಗ ಸಿಡುಕಬೇಡಿ. ಅದರ ಉತ್ತರವನ್ನು ಚಿತ್ರದ ಕೆಳಗೆ ಬರೆದಿಡಿ. ಕೇಳಲು ಸಂಕೋಚಪಟ್ಟು ಸುಮ್ಮನಾಗುವ ನಾಲ್ಕನೆಯವಳಿಗೂ ಅದು ತಲುಪುತ್ತದೆ.