ಪಾಟಿಯೂ ಬಂಪರೂ

ಅಕ್ಕಲಕೋಟೆಯ ಬಿಸಿಲಿನ ಬಗ್ಗೆ ಹೊಸದಾಗಿ ಹೇಳುವುದೇನೂ ಇಲ್ಲ. ಏಪ್ರಿಲ್, ಮೇ ಬಂತೆಂದರೆ 40 ಡಿಗ್ರಿ ದಾಟುವುದು ಇಲ್ಲಿ ಮಾಮೂಲು. ಈ ಬಿಸಿಲಿಗೆ ಕಾರಿನ ಬಣ್ಣಕ್ಕಿಂತ ಮೊದಲು ಸೋಲುವುದು ಅದರ ಕಪ್ಪು ಪ್ಲಾಸ್ಟಿಕ್. ಬಣ್ಣ ಬಳಿಯದ ಬಂಪರು, ಕನ್ನಡಿಯ ಕವಚ, ಬಾಗಿಲಿನ ಪಟ್ಟಿ, ವೈಪರಿನ ಬುಡದ ಜಾಲರಿ... ಎಲ್ಲ ಮೊದಲು ಬೂದಿಯಾಗಿ, ಆಮೇಲೆ ಸುಣ್ಣ ಬಳಿದಂತೆ ಬೆಳ್ಳಗಾಗುತ್ತವೆ.

ನಮ್ಮದು ನಾಲ್ವರು ಶಿಕ್ಷಕರು ಪಾಲು ಹಾಕಿ ಕೊಂಡ ಹಳೇ ಕಾರು, 2011ರದ್ದು. ದಿನಾ ಅದರಲ್ಲೇ ಹಳ್ಳಿಯ ಜಿಲ್ಲಾ ಪರಿಷತ್ ಕನ್ನಡ ಶಾಲೆಗೆ ಹೋಗಿ ಬರುತ್ತೇವೆ. ಶಾಲೆಯಂಗಳದಲ್ಲಿ ಇರುವುದು ಒಂದೇ ಬೇವಿನ ಮರ. ಅದರ ನೆರಳು ಮಕ್ಕಳ ಊಟಕ್ಕೆ. ಕಾರು ಬಿಸಿಲಿಗೆ.

ಬಂಪರು ಬೆಳ್ಳಗಾದರೆ ಪಾಠವೇನೂ ನಿಲ್ಲುವುದಿಲ್ಲ. ಆದರೆ ಒಂದನೇ ತರಗತಿಗೆ ಮಕ್ಕಳನ್ನು ಕಳಿಸಿರೆಂದು ನಾವು ಮನೆ ಮನೆಗೆ ಹೋಗುವುದೂ ಅದೇ ಕಾರಿನಲ್ಲಿ. ಅದೇ ಓಣಿಗೆ ಇಂಗ್ಲಿಷ್ ಶಾಲೆಯ ಹಳದಿ ವ್ಯಾನು ಮಿಂಚುತ್ತ ಬರುತ್ತದೆ. ಹೋದ ವರ್ಷ ಕಟ್ಟೆಯ ಮೇಲೆ ಕೂತಿದ್ದ ಹಿರಿಯರೊಬ್ಬರು, “ಕನ್ನಡ ಸಾಲಿ ಗಾಡಿಗೂ ವಯಸ್ಸಾತ್ರೀ ಗುರುಗಳೇ, ಗಡ್ಡ ಬೆಳ್ಳಗಾಗೇತಿ” ಅಂದರು. ಎಲ್ಲರೂ ನಕ್ಕರು, ನಾವೂ ನಕ್ಕೆವು. ಆದರೆ ಒಂದನೇ ತರಗತಿಯ ಹಾಜರಿಯಲ್ಲಿ 11 ಹೆಸರಷ್ಟೇ ಇರುವಾಗ ಅಂಥ ನಗು ಬಹಳ ದೂರ ಬರುವುದಿಲ್ಲ.

ಸಲಹೆಗಳಿಗೇನು ಬರವೇ? ಕೊಬ್ಬರಿ ಎಣ್ಣೆ ಹಚ್ಚಿ ಎಂದವರು ಕೆಲವರು, ಬೂಟ್ ಪಾಲಿಶ್ ಎಂದವರು ಕೆಲವರು. ಬಿಸಿಗಾಳಿಯ ಗನ್ ಹಿಡಿದರೆ ಎರಡೇ ನಿಮಿಷ ಎಂದರು ಗ್ಯಾರೇಜಿನವರು. ಏಪ್ರಿಲ್‌ನ ಬೆಳಗಿನ ಶಾಲೆಯಲ್ಲಿ ಏಳನೇ ತರಗತಿಯ ಮಕ್ಕಳ ಎದುರು ಎಡಗನ್ನಡಿಗೆ ಕೊಬ್ಬರಿ ಎಣ್ಣೆ ಹಚ್ಚಿದೆವು, ಬಲಗನ್ನಡಿಯನ್ನು ಹಾಗೇ ಬಿಟ್ಟೆವು. ಎರಡು ದಿನ ಎಡಗನ್ನಡಿ ಹೊಸದರಂತಿತ್ತು. ನಾಲ್ಕನೇ ದಿನ ದಾರಿಯ ಧೂಳೆಲ್ಲ ಅಂಟಿ ಬಲದ್ದಕ್ಕಿಂತ ಕೊಳಕಾಯಿತು!

ಏಕೆ ಹೀಗೆ? ಇದಕ್ಕೆ ನಮ್ಮ ಕಲ್ಲಿನ ಪಾಟಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಒಣಗಿದ ಪಾಟಿ ಬೂದಿ ಬಣ್ಣ, ಒದ್ದೆ ಮಾಡಿದರೆ ಕಪ್ಪು. ನೀರಿನಲ್ಲಿ ಕಪ್ಪು ಬಣ್ಣವಿದೆಯೇ? ಇಲ್ಲ. ಒರಟು ಮೈಮೇಲೆ ಬೆಳಕು ಚದುರಿ ಬಿಳುಪು ಕಾಣುತ್ತದೆ, ನೀರು ಆ ಒರಟನ್ನು ತುಂಬುತ್ತದೆ, ಅಷ್ಟೇ. ಬಂಪರಿನ ಪ್ಲಾಸ್ಟಿಕ್ ಹೆಚ್ಚಾಗಿ ಪಾಲಿಪ್ರೊಪಿಲೀನ್. ಅದಕ್ಕೆ ಕಪ್ಪು ಕೊಡುವುದು ಕಾಡಿಗೆಯಂಥ ಇಂಗಾಲದ ಪುಡಿ. ಸೂರ್ಯನ ಅತಿನೇರಳೆ ಕಿರಣಗಳು ಪ್ಲಾಸ್ಟಿಕ್ಕಿನ ಉದ್ದನೆಯ ಅಣುಸರಪಳಿಗಳನ್ನು ಕಡಿದಾಗ ಮೇಲ್ಮೈ ಒಣಗಿ, ಕಣ್ಣಿಗೆ ಕಾಣದಷ್ಟು ಸಣ್ಣಗೆ ಬಿರಿಯುತ್ತದೆ. ಕಪ್ಪು ಎಲ್ಲಿಗೂ ಹೋಗಿರುವುದಿಲ್ಲ, ಒಳಗೇ ಇರುತ್ತದೆ. ಎಣ್ಣೆ ಹಚ್ಚುವುದೆಂದರೆ ಪಾಟಿ ಒದ್ದೆ ಮಾಡಿದಂತೆ, ತುಸು ಹೆಚ್ಚು ದಿನ ನಿಲ್ಲುತ್ತದೆ ಅಷ್ಟೇ.

ಬಿಸಿಗಾಳಿ ಮೇಲ್ಪದರವನ್ನು ಕರಗಿಸಿ ಮತ್ತೆ ಕಪ್ಪು ತರುತ್ತದೆ ನಿಜ. ಆದರೆ ಪಾಲಿಪ್ರೊಪಿಲೀನ್ ಕರಗುವುದು ಸುಮಾರು 160 ಡಿಗ್ರಿಗೆ. ಕೈ ಒಂದು ಕ್ಷಣ ಹೆಚ್ಚು ನಿಂತರೆ ಬಂಪರು ಸೊಟ್ಟ, ಪಕ್ಕದ ಬಣ್ಣಕ್ಕೆ ಗುಳ್ಳೆ. ಅದರ ತಂಟೆಗೆ ನಾವು ಹೋಗಲಿಲ್ಲ.

ಸೋಲಾಪುರದಿಂದ ಪ್ಲಾಸ್ಟಿಕ್ಕಿಗೆಂದೇ ಇರುವ ಲೇಪನದ ಸೀಸೆ ತಂದೆವು. ಮೇ ತಿಂಗಳ ಕೊನೆಯ ಭಾನುವಾರ, ಬಿಸಿಲೇರುವ ಮೊದಲೇ ನೆರಳಲ್ಲಿ ಕಾರು ನಿಲ್ಲಿಸಿದೆವು. ಪಾತ್ರೆ ತೊಳೆಯುವ ಸೋಪಿನ ನೀರು, ಹಳೇ ಹಲ್ಲುಜ್ಜುವ ಬ್ರಷ್. ಬಟ್ಟೆಗೆ ಕೊಳೆ ಹತ್ತುವುದು ನಿಲ್ಲುವವರೆಗೆ ತಿಕ್ಕಿದೆವು, ಮೂರು ಸಲ ತೊಳೆದೆವು. ಒಣಗಿದ ಮೇಲೆ ಎಣ್ಣೆಯ ಪಸೆ ಹೋಗಲೆಂದು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿದೆವು. ಪಕ್ಕದ ಬಣ್ಣಕ್ಕೆ ತಗಲದಂತೆ ಅಂಚಿಗೆಲ್ಲ ಕಾಗದದ ಟೇಪು. ಆಮೇಲೆ ಲೇಪನ, ಎರಡು ಸಲ, ತೆಳುವಾಗಿ. ದಪ್ಪಗೆ ಬಳಿದರೆ ಪಟ್ಟೆ ಪಟ್ಟೆಯಾಗುತ್ತದೆ. ಮರುದಿನದವರೆಗೆ ನೀರು ಸೋಕಿಸಲಿಲ್ಲ. ನಿಜ ಹೇಳಬೇಕೆಂದರೆ ಹಚ್ಚಲು ಅರ್ಧ ಗಂಟೆ, ತೊಳೆಯಲು ಎರಡೂವರೆ ಗಂಟೆ! ಕೊಳೆಯ ಮೇಲೆ ಹಚ್ಚಿದ ಲೇಪನ ನಿಲ್ಲುವುದಿಲ್ಲ. ಅಡಿಪಾಯವಿಲ್ಲದ ಕಾಗುಣಿತದಂತೆ.

ಜೂನ್‌ನಲ್ಲಿ ಮತ್ತೆ ಓಣಿ ಓಣಿ ಸುತ್ತಿದೆವು. ಬಂಪರು ನೋಡಿ ಯಾರೂ ಮಗುವನ್ನು ಶಾಲೆಗೆ ಕಳಿಸಲಿಲ್ಲ, ಅಂಥ ಭ್ರಮೆಯೂ ನಮಗಿರಲಿಲ್ಲ. ಈ ಸಲ 13 ಹೆಸರು. ಎರಡೇ ಹೆಚ್ಚು. ಆದರೆ ಬಾಗಿಲಲ್ಲಿ ಮಾತು ಕಾರಿನಿಂದ ಶುರುವಾಗಲಿಲ್ಲ, ಮಗುವಿನ ಹೆಸರಿನಿಂದ ಶುರುವಾಯಿತು. ನಮಗೆ ಬೇಕಿದ್ದದ್ದೂ ಅದೇ.

ಮಳೆಗಾಲ ಕಳೆದು ದೀಪಾವಳಿಯಾದರೂ ಬಂಪರು ಕಪ್ಪಾಗಿಯೇ ಇದೆ. ವೈಪರಿನ ಬುಡದಲ್ಲಿ ಮಾತ್ರ ತುಸು ಮಂಕು. ಯಾವ ಲೇಪನವೂ ಕಡಿದುಹೋದ ಸರಪಳಿಯನ್ನು ಹೆಣೆಯುವುದಿಲ್ಲ, ವರ್ಷಕ್ಕೊಮ್ಮೆ ಹಚ್ಚುತ್ತಿರಬೇಕು. ಅರ್ಧ ಸೀಸೆ ಉಳಿದಿದೆ. ಸೀಮೆಸುಣ್ಣದ ಡಬ್ಬಿಗಳ ಹಿಂದೆ, ಕಪಾಟಿನಲ್ಲಿ ಭದ್ರವಾಗಿಟ್ಟಿದ್ದೇವೆ.